ಕ್ಯಾಸನೂರು ಕಾಡಿನ ಕಾಯಿಲೆಯೂ ಜೀವಕೋಶದ ದೂತಕಾರ್ಯವೂ

೧. ವಿಷಯಪ್ರವೇಶ

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲೂಕುಗಳು ಸಹ್ಯಾದ್ರಿಯ ಮಡಿಲಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವುವು. ಶರಾವತಿಯೂ ತುಂಗೆಯೂ ಈ ಸೀಮೆಯ ನದಿಗಳು. ಅಡಕೆಯೂ ಬತ್ತವೂ ಇಲ್ಲಿಯ ಮುಖ್ಯವಾದ ಬೆಳೆಗಳು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗು, ಒಲೆಗೆ ಸೌದೆ, ದನಕ್ಕೆ ಮೇವು ಇವೆಲ್ಲವೂ ಕಾಡಿನಿಂದಲೇ ಬರಬೇಕಾದುದರಿಂದ ಇಲ್ಲಿಯ ಜನರಿಗೆ ಕಾಡೆಂಬುದು ಮನೆಯ ಹಿತ್ತಿಲಿದ್ದಂತೆ. ಆ ಹಿತ್ತಿಲಿನಲ್ಲಿ ಮಂಗವೊಂದು ಸತ್ತುಬಿದ್ದಿದೆಯೆಂಬ ಸುದ್ದಿಯು ಚಳಿಗಾಲದಲ್ಲಾಗಲಿ ಬೇಸಗೆಯಲ್ಲಾಗಲಿ ಊರಿಗೆ ಬಂದರೆ, ತಿಳಿದವರು ಕಾಡಿಗೆ ಹೊರಟವರನ್ನು ತಡೆಯುವರು. ಜನರು ಮಂಗನ ಕಾಯಿಲೆಯೆಂದೂ ವೈದ್ಯಗ್ರಂಥಗಳು ಕ್ಯಾಸನೂರು ಕಾಡಿನ ಕಾಯಿಲೆಯೆಂದೂ ಕರೆಯುವ ಜ್ವರವು ಆ ಸುದ್ದಿಯ ಬೆನ್ನಿನಲ್ಲಿಯೇ ಬರುವುದುಂಟು.

ಬಿಸಿಲಿನಲ್ಲಿಯೂ ಮಳೆಯಲ್ಲಿಯೂ ದುಡಿದು ಗಟ್ಟಿಯಾದ ಮೈಯುಳ್ಳವರು ಈ ಜ್ವರಕ್ಕೆ ಸಿಕ್ಕಿ ಒಂದು ವಾರದೊಳಗೆ ಹಾಸಿಗೆಯಿಂದ ಏಳಲಾರದಂತಾಗುವುದೇಕೆ? ‘ದೇಹದಲ್ಲಿ ರೋಗವನ್ನು ತಡೆಯುವ ಶಕ್ತಿ ಸಾಲದು’ ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರವು ಅಷ್ಟು ಸಮಂಜಸವಾದುದಲ್ಲ. ಶಕ್ತಿಯು ದೇಹದಲ್ಲಿ ಇದ್ದೇ ಇರುವುದು. ಶತ್ರು ಬಂದನೆಂಬ ಸಂದೇಶವನ್ನು ಕೋಶದಿಂದ ಕೋಶಕ್ಕೆ ಕಳುಹಿಸುವ ಏರ್ಪಾಡೂ ಉಂಟು. ಆದರೆ ಸಂದೇಶವು ಕೋಶದ ಬಾಗಿಲಿಗೆ ಮುಟ್ಟಿದ ಮೇಲೆ ಅಲ್ಲಿಂದ ಕೋಶದ ಕೇಂದ್ರಕ್ಕೆ ಹೋಗಬೇಕಾದ ಒಳದಾರಿಯೊಂದಿದೆ. ಈ ರೋಗದ ವೈರಾಣುವು ಕೈಯಿಡುವುದು ಆ ಒಳದಾರಿಯಲ್ಲಿ. ಆ ದಾರಿ ಯಾವುದು, ಅದರಲ್ಲಿ ನಡೆಯುವ ದೂತರಾರು, ಅವರ ಕಾರ್ಯವು ಹೇಗೆ ಕೆಡುವುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗುವುದು.

೨. ೧೯೫೭ನೆಯ ವರ್ಷದ ಎರಡು ಸಂಗತಿಗಳು

ಕ್ರಿ. ಶ. ೧೯೫೭ನೆಯ ವರ್ಷವು ಈ ವಿಷಯದಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷದ ಮಾರ್ಚಿ ತಿಂಗಳ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿರುವ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸುವಗಳೂ ಕೋತಿಗಳೂ ಒಂದರ ಮೇಲೊಂದು ಸಾಯತೊಡಗಿದುವು. ಅದೇ ಸಮಯದಲ್ಲಿ ಹಳ್ಳಿಗರಲ್ಲಿ ತೀವ್ರವಾದ ಜ್ವರವೂ ಹಬ್ಬಿತು. ಆಫ್ರಿಕ, ದಕ್ಷಿಣ ಅಮೆರಿಕ ಖಂಡಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಹಿಡಿಯುವ ಹಳದಿ ಜ್ವರವು ಭರತಖಂಡಕ್ಕೂ ಬಂದಿತೋ ಎಂಬ ಶಂಕೆ ಮೊದಲು ಹುಟ್ಟಿತು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಬಂದು ಪರೀಕ್ಷಿಸಿ, ಇದು ಹಳದಿ ಜ್ವರವಲ್ಲವೆಂದೂ, ರಷ್ಯಾ ದೇಶದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ದಾಯಾದಿಯಾದ ಬೇರೊಂದು ವೈರಾಣುವೆಂದೂ ನಿರ್ಧರಿಸಿದರು. ಕಾಡಿನ ಹೆಸರೇ ರೋಗಕ್ಕೆ ನಿಂತಿತು.

ಇದನ್ನು ಹರಡುವುದು ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣ್ಣಿಯು. ಮಲೆನಾಡಿನವರು ಇದನ್ನು ಉಣುಗು ಎಂದೂ ಹೇಳುವರು. ಮರಿಯುಣ್ಣಿಗಳು ತರಗೆಲೆಯಲ್ಲಿ ಮೆತ್ತಿಕೊಂಡಿದ್ದು, ಒಣ ಹವೆಯ ತಿಂಗಳುಗಳಲ್ಲಿ ಹಾದುಹೋಗುವವರ ಮೈಗೆ ಹತ್ತುವುವು. ಆದುದರಿಂದಲೇ ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗವು ಹೆಚ್ಚು. ಕಚ್ಚಿಸಿಕೊಂಡ ೩ರಿಂದ ೮ ದಿನಗಳಲ್ಲಿ ಜ್ವರ, ತಲೆನೋವು, ಮೈಕೈನೋವು, ಕಣ್ಣು ಕೆಂಪಾಗುವುದು ಮೊದಲಾದ ಲಕ್ಷಣಗಳು ತೋರುವುವು, ಕೆಲವರಿಗೆ ರಕ್ತಸ್ರಾವವಾಗುವುದು, ಕೆಲವರಿಗೆ ಜ್ವರವು ಒಮ್ಮೆ ಬಿಟ್ಟು ಮತ್ತೆ ಮರುಕಳಿಸಿ ಮಿದುಳಿಗೆ ತಾಗುವುದು. ರೋಗಿಗಳಲ್ಲಿ ನೂರಕ್ಕೆ ೩ರಿಂದ ೫ ಮಂದಿ ತೀರಿಕೊಳ್ಳುವರೆಂದು ಲೆಕ್ಕ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಸೊರಬದಿಂದ ಹೊರಟ ಈ ರೋಗವು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ನೆಲೆಯೂರಿತು. ೨೦೧೪ರಲ್ಲಿ ತೀರ್ಥಹಳ್ಳಿ ತಾಲೂಕಿನಲ್ಲಿಯೂ, ೨೦೧೮ರ ಕೊನೆಯಿಂದ ೨೦೧೯ರ ಬೇಸಗೆಯವರೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿಯೂ ಅದು ಪ್ರಬಲವಾಗಿ ಕಾಣಿಸಿಕೊಂಡಿತು.

ಎರಡನೆಯ ಸಂಗತಿಯು ನಡೆದುದು ಲಂಡನ್ನಿನ ಮಿಲ್ ಹಿಲ್ ಎಂಬಲ್ಲಿಯ ರಾಷ್ಟ್ರೀಯ ವೈದ್ಯ ಸಂಶೋಧನಾಲಯದಲ್ಲಿ. ಅಲೆಕ್ ಐಸಾಕ್ಸ್ ಎಂಬ ಬ್ರಿಟಿಷ್ ವಿದ್ವಾಂಸನೂ ಜೀನ್ ಲಿಂಡೆನ್‌ಮನ್ ಎಂಬ ಸ್ವಿಸ್ ವಿದ್ವಾಂಸನೂ ಕೋಳಿಮೊಟ್ಟೆಯ ಒಳಪೊರೆಯ ತುಂಡುಗಳ ಮೇಲೆ ಬಿಸಿಯಿಂದ ನಿರ್ಜೀವಗೊಳಿಸಿದ ಇನ್‌ಫ್ಲುಯೆಂಜ ವೈರಾಣುವನ್ನು ಹಾಕಿದರು. ಆ ಪೊರೆಯಿಂದ ಹೊರಟು ದ್ರವದಲ್ಲಿ ಸೇರಿದ ಯಾವುದೋ ಒಂದು ವಸ್ತುವು, ವೈರಾಣುವನ್ನು ಕಾಣದಿದ್ದ ಹೊಸ ತುಂಡುಗಳಿಗೂ ಜೀವಂತವಾದ ವೈರಾಣುವನ್ನು ತಡೆಯುವ ಸಾಮರ್ಥ್ಯವನ್ನು ಕೊಟ್ಟಿತು. ವೈರಾಣುವಿನ ವೃದ್ಧಿಗೆ ಅಡ್ಡ ಬರುವುದಾದುದರಿಂದ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಮಲೆನಾಡಿನಲ್ಲಿ ವೈರಾಣುವೂ ಲಂಡನ್ನಿನಲ್ಲಿ ಅದನ್ನು ತಡೆಯಬೇಕಾದ ಸಂದೇಶವಸ್ತುವೂ ಒಂದೇ ವರ್ಷದಲ್ಲಿ ಬೆಳಕಿಗೆ ಬಂದುವು. ಇವೆರಡಕ್ಕೂ ಇರುವ ಸಂಬಂಧವು ಸ್ಪಷ್ಟವಾಗಲು ಅರ್ಧ ಶತಮಾನಕ್ಕೂ ಮೀರಿದ ಕಾಲವು ಬೇಕಾಯಿತು.

೩. ಪರಿಭಾಷೆ

ಮುಂದೆ ಬರುವ ಕೆಲವು ಶಬ್ದಗಳ ಅರ್ಥವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಉಚಿತ. ನಮ್ಮ ಶರೀರವು ಅಸಂಖ್ಯವಾದ ಜೀವಕೋಶಗಳಿಂದ ಆದುದು. ಪ್ರತಿಯೊಂದು ಕೋಶಕ್ಕೂ ಹೊರಗೆ ಒಂದು ಪೊರೆ, ಒಳಗೆ ಒಂದು ರಸ, ಆ ರಸದ ನಡುವೆ ಮತ್ತೊಂದು ಪೊರೆಯಿಂದ ಸುತ್ತುವರಿದ ಕೋಶಕೇಂದ್ರ. ಕೆಂಪು ರಕ್ತಕಣಗಳಂಥ ಕೆಲವಕ್ಕೆ ಮಾತ್ರ ಕೇಂದ್ರವಿಲ್ಲ. ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ನೂಲಿನ ಮೇಲೆ ಶರೀರದ ಸಮಸ್ತ ವಿಧಿಗಳೂ ಬರೆದಿಟ್ಟಂತೆ ಇರುವುವು. ಒಂದೊಂದು ವಿಧಿಗೂ ಜೀನ್ ಎಂದು ಹೆಸರು. ಎಲ್ಲ ವಿಧಿಗಳೂ ಎಲ್ಲ ಕಾಲದಲ್ಲಿಯೂ ನಡೆಯುವುದಿಲ್ಲ. ಬೇಕಾದಾಗ ಬೇಕಾದುದನ್ನು ಮಾತ್ರ ಪ್ರತಿಮಾಡಿ, ಆ ಪ್ರತಿಯನ್ನು ರಸಕ್ಕೆ ಕಳುಹಿಸಿ, ಅಲ್ಲಿ ಅದರಂತೆ ಪ್ರೋಟೀನುಗಳನ್ನು ಕಟ್ಟಲಾಗುವುದು. ಈ ಪ್ರತಿಮಾಡುವಿಕೆಯನ್ನು ಪ್ರತಿಲೇಖನವೆನ್ನುವರು.

ಸೈಟೊಕೈನ್ ಎಂಬುದು ಗ್ರೀಕ್ ಮೂಲದ ಶಬ್ದ. ಅದರ ಪೂರ್ವಪದಕ್ಕೆ ಪಾತ್ರೆಯೆಂದೂ, ಲಕ್ಷಣೆಯಿಂದ ಕೋಶವೆಂದೂ ಅರ್ಥ. ಉತ್ತರಪದಕ್ಕೆ ಚಲನೆಯೆಂದು ಅರ್ಥ. ಒಂದು ಕೋಶವು ಮತ್ತೊಂದು ಕೋಶವನ್ನು ಕಾರ್ಯಕ್ಕೆ ಚಲಿಸುವಂತೆ ಮಾಡಲು ಹೊರಬಿಡುವ ಸಣ್ಣ ಪ್ರೋಟೀನು ಎಂಬುದು ಇದರ ತಾತ್ಪರ್ಯ. ಇಂಟರ್‌ಫೆರಾನು ಈ ವರ್ಗಕ್ಕೆ ಸೇರಿದುದು. ಇಂಟರ್‌ಲ್ಯೂಕಿನ್ ಎಂಬುವು ಅದೇ ವರ್ಗದ ಮತ್ತೊಂದು ಸಮೂಹ. ಬಿಳಿಯ ರಕ್ತಕಣಗಳ ನಡುವಣ ಮಾತುಕತೆಯೆಂಬ ಭಾವನೆಯಿಂದ ಆ ಹೆಸರು ಬಂದಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸೈಟೊಕೈನು ಕೋಶದ ಹೊರಬಾಗಿಲವರೆಗೆ ಮಾತ್ರ ಬರತಕ್ಕುದು. ಅದು ಪೊರೆಯನ್ನು ದಾಟಿ ಕೋಶಕೇಂದ್ರಕ್ಕೆ ಹೋಗಿ ತಾನೇ ಆಜ್ಞೆಯನ್ನು ಓದಿ ಹೇಳುವುದಿಲ್ಲ. ಹೀಗಿರಲು ಬಾಗಿಲಿನ ಮಾತು ಒಳಮನೆಗೆ ಮುಟ್ಟುವುದು ಹೇಗೆ ಎಂಬ ಪ್ರಶ್ನೆಯು ಐಸಾಕ್ಸರ ಶೋಧನದ ಮೇಲೆ ೩೫ ವರ್ಷಗಳ ಕಾಲ ಪೂರ್ಣವಾದ ಉತ್ತರವಿಲ್ಲದೆ ಉಳಿದಿತ್ತು.

ಉತ್ತರವು ದೊರೆತುದು ೧೯೯೨ರ ಸುಮಾರಿನಲ್ಲಿ, ಎರಡು ದಾರಿಗಳಿಂದ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಡಾರ್ನೆಲ್ಲನೂ ಅವನ ಸಂಗಡಿಗರೂ ಒಳಗಿನ ತುದಿಯಿಂದ ಹೊರಟರು. ಇಂಟರ್‌ಫೆರಾನು ತಾಗಿದೊಡನೆ ಡಿಎನ್‌ಎಯ ನಿರ್ದಿಷ್ಟವಾದ ಸ್ಥಳಕ್ಕೆ ಬಂದು ಕೂರುವ ಪ್ರೋಟೀನುಗಳನ್ನು ಬೇರ್ಪಡಿಸಿ ಅವುಗಳ ಸ್ವರೂಪವನ್ನು ತಿಳಿದರು. ಜಾರ್ಜ್ ಸ್ಟಾರ್ಕ್, ಇಯಾನ್ ಕೆರ್ ಎಂಬವರ ಸಂಗಡಿಗರು ಬೇರೊಂದು ಉಪಾಯವನ್ನು ಹಿಡಿದರು. ಇಂಟರ್‌ಫೆರಾನಿಗೆ ಕಿವುಡಾದ ಕೋಶಗಳನ್ನು ಆರಿಸಿ, ಯಾವ ಜೀನನ್ನು ಮರಳಿ ಕೊಟ್ಟರೆ ಆ ಕಿವುಡು ಹೋಗುವುದೆಂದು ಒಂದೊಂದಾಗಿ ಪರೀಕ್ಷಿಸಿದರು. ಎರಡು ಕಡೆಯಿಂದಲೂ ತೋಡಿದ ಸುರಂಗವು ನಡುವೆ ಕೂಡಿದಂತೆ ಈ ಎರಡು ಶೋಧನಗಳೂ ಒಂದೇ ಮಾರ್ಗದಲ್ಲಿ ಕೂಡಿದುವು.

೪. ದೂತಕಾರ್ಯದ ಕ್ರಮ

ಆ ಮಾರ್ಗಕ್ಕೆ ಜಾಕ್–ಸ್ಟಾಟ್ ಮಾರ್ಗವೆಂದು ಹೆಸರು. ಇದರಲ್ಲಿ ಮೂವರು ಪಾತ್ರಧಾರಿಗಳು: ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕ, ಅದರ ಒಳತುದಿಗೆ ಅಂಟಿಕೊಂಡಿರುವ ಜಾಕ್, ರಸದಲ್ಲಿ ತಿರುಗಾಡುತ್ತಿರುವ ಸ್ಟಾಟ್.

ಗ್ರಾಹಕವು ಪೊರೆಯ ಹೊರಗೂ ಒಳಗೂ ಚಾಚಿಕೊಂಡಿರುವ ಪ್ರೋಟೀನು. ಆಲ್ಫ, ಬೀಟ ಎಂಬ ಬಗೆಯ ಇಂಟರ್‌ಫೆರಾನುಗಳಿಗೆ ಇದರಲ್ಲಿ ಎರಡು ಭಾಗಗಳುಂಟು. ಇಂಟರ್‌ಫೆರಾನು ಬಂದು ಹೊರಗಡೆಯಲ್ಲಿ ಎರಡನ್ನೂ ಹಿಡಿದಾಗ ಒಳಗಡೆಯ ತುದಿಗಳೂ ಒಂದನ್ನೊಂದು ಸಮೀಪಿಸುವುವು. ಹೊರಗಿನಿಂದ ಯಾವ ವಸ್ತುವೂ ಒಳಗೆ ಹೋಗಲಿಲ್ಲ. ಹೊರಗಿನ ಸ್ಪರ್ಶದಿಂದ ಒಳಗಿನ ಸ್ಥಿತಿಯು ಬದಲಾಯಿತು, ಅಷ್ಟೆ.

ಜಾಕ್ ಎಂಬ ಹೆಸರು ಯಾನಸ್ ಎಂಬ ರೋಮನ್ ದೇವತೆಯಿಂದ ಬಂದುದು. ಅವನು ದ್ವಾರದೇವತೆ, ಎರಡು ಮುಖಗಳುಳ್ಳವನು. ಈ ಪ್ರೋಟೀನಿನಲ್ಲಿಯೂ ಒಂದನ್ನೊಂದು ಹೋಲುವ ಎರಡು ಭಾಗಗಳಿದ್ದು, ಒಂದು ಕಾರ್ಯವನ್ನು ಮಾಡುವುದು, ಮತ್ತೊಂದು ಅದನ್ನು ಹತೋಟಿಯಲ್ಲಿಡುವುದು. ಬಾಗಿಲಿನಲ್ಲಿಯೇ ನಿಂತಿರುವುದರಿಂದಲೂ ಈ ಹೆಸರು ಅನ್ವರ್ಥವಾಗಿದೆ. ಮನುಷ್ಯರಲ್ಲಿ ಇಂಥವು ನಾಲ್ಕು: ಜಾಕ್ ೧, ಜಾಕ್ ೨, ಜಾಕ್ ೩, ಟೈಕ್ ೨. ಆಲ್ಫ ಬೀಟ ಇಂಟರ್‌ಫೆರಾನುಗಳ ಗ್ರಾಹಕದ ಒಂದು ಭಾಗದಲ್ಲಿ ಟೈಕ್ ೨, ಇನ್ನೊಂದರಲ್ಲಿ ಜಾಕ್ ೧ ಇರುವುವು. ಇವುಗಳ ಕೆಲಸವು ಮುದ್ರೆಯೊತ್ತುವುದು. ಪ್ರೋಟೀನಿನಲ್ಲಿರುವ ಟೈರೊಸೀನ್ ಎಂಬ ಘಟಕದ ಮೇಲೆ ಫಾಸ್ಫೇಟೆಂಬ ರಂಜಕದ ಸಂಯುಕ್ತವನ್ನು ಕೂಡಿಸುವುದೇ ಆ ಮುದ್ರೆ. ಗ್ರಾಹಕದ ತುದಿಗಳು ಸಮೀಪಿಸಿದೊಡನೆ ಎರಡು ಜಾಕ್‌ಗಳೂ ಪರಸ್ಪರ ಮುದ್ರೆಯೊತ್ತಿ ಎಚ್ಚರಗೊಳ್ಳುವುವು. ಬಳಿಕ ಗ್ರಾಹಕದ ಬಾಲಕ್ಕೂ ಮುದ್ರೆಯನ್ನು ಒತ್ತುವುವು.

ಆ ಮುದ್ರೆಯನ್ನು ಗುರುತಿಸಿ ಬಂದು ಹಿಡಿಯುವುದು ಸ್ಟಾಟ್. ಮುದ್ರಿತವಾದ ಟೈರೊಸೀನನ್ನು ಮಾತ್ರ ಹಿಡಿಯತಕ್ಕ ಒಂದು ಕೈಯು ಅದಕ್ಕುಂಟು. ಸ್ಟಾಟ್ ಬಾಗಿಲಿಗೆ ಬಂದು ನಿಂತಾಗ ಜಾಕ್ ಅದರ ಮೈಯ ಮೇಲೂ ಒಂದು ಮುದ್ರೆಯನ್ನು ಒತ್ತುವುದು: ಸ್ಟಾಟ್ ೧ರಲ್ಲಿ ೭೦೧ನೆಯ ಘಟಕದ ಮೇಲೆ, ಸ್ಟಾಟ್ ೨ರಲ್ಲಿ ೬೯೦ನೆಯದರ ಮೇಲೆ. ಮುದ್ರೆ ಬಿದ್ದ ಎರಡು ಸ್ಟಾಟ್‌ಗಳು ಬಾಗಿಲನ್ನು ಬಿಟ್ಟು, ಒಂದರ ಕೈಯು ಇನ್ನೊಂದರ ಮುದ್ರೆಯನ್ನು ಹಿಡಿಯುವಂತೆ ಜೋಡಿಯಾಗುವುವು. ಐಆರ್‌ಎಫ್ ೯ ಎಂಬ ಮೂರನೆಯ ಪ್ರೋಟೀನು ಈ ಜೋಡಿಯನ್ನು ಕೂಡಿಕೊಳ್ಳುವುದು.

ಇನ್ನು ಉಳಿದುದು ಕೋಶಕೇಂದ್ರದ ಪ್ರವೇಶ. ಕೇಂದ್ರದ ಪೊರೆಯಲ್ಲಿ ರಂಧ್ರದ್ವಾರಗಳುಂಟು. ಜಲಜನಕದ ಪರಮಾಣುವಿನ ತೂಕವನ್ನು ಮಾನವಾಗಿಟ್ಟುಕೊಂಡರೆ, ಸುಮಾರು ೪೦ ಸಾವಿರದೊಳಗಿನ ಪ್ರೋಟೀನುಗಳು ಈ ದ್ವಾರಗಳಲ್ಲಿ ತಾವಾಗಿಯೇ ನುಸುಳಬಲ್ಲುವು. ಸ್ಟಾಟ್ ೧ರ ತೂಕವು ಸುಮಾರು ೯೧ ಸಾವಿರ, ಸ್ಟಾಟ್ ೨ರದು ಸುಮಾರು ೧೧೩ ಸಾವಿರ. ಆದುದರಿಂದ ಇವಕ್ಕೆ ದ್ವಾರಪಾಲಕನ ಸಹಾಯವು ಅವಶ್ಯಕ. ಇಂಪಾರ್ಟಿನ್ ಎಂಬ ಪ್ರೋಟೀನು ಜೋಡಿಯಾದ ಸ್ಟಾಟನ್ನು ಹಿಡಿದು ದ್ವಾರದಲ್ಲಿ ಸಾಗಿಸುವುದು. ಒಳಗೆ ಹೋದ ಸ್ಟಾಟ್ ಡಿಎನ್‌ಎಯಲ್ಲಿ ತನಗೆ ಗೊತ್ತಾದ ಅಕ್ಷರಪಂಕ್ತಿಯನ್ನು ಹುಡುಕಿ ಅದರ ಮೇಲೆ ಕುಳಿತು, ಅಲ್ಲಿಯ ಜೀನುಗಳ ಪ್ರತಿಲೇಖನವನ್ನು ಪ್ರಾರಂಭಿಸುವುದು. ಬಾಗಿಲಿನ ಸ್ಪರ್ಶದಿಂದ ಇಲ್ಲಿಯವರೆಗಿನ ಸಮಸ್ತ ಕಾರ್ಯಕ್ಕೂ ಅರ್ಧ ಗಂಟೆಯೊಳಗಿನ ಕಾಲವೇ ಸಾಕು. ಇದರ ಫಲವಾಗಿ ನೂರಾರು ಜೀನುಗಳು ಎಚ್ಚರಗೊಳ್ಳುವುವು. ಅವುಗಳಿಂದ ಹುಟ್ಟುವ ಪ್ರೋಟೀನುಗಳಲ್ಲಿ ಒಂದು ವೈರಾಣುವಿನ ಸುಳಿವು ಸಿಕ್ಕಿದೊಡನೆ ಕೋಶದ ಪ್ರೋಟೀನು ಕಟ್ಟುವ ಕೆಲಸವನ್ನೇ ನಿಲ್ಲಿಸುವುದು. ಮತ್ತೊಂದು ವೈರಾಣುವಿನ ಆರ್‌ಎನ್‌ಎ ನೂಲನ್ನು ಕತ್ತರಿಸುವ ಏರ್ಪಾಡನ್ನು ನಡೆಸುವುದು. ವೈರಾಣುವಿಗೆ ನೆಲೆಯಿಲ್ಲದಂತಾಗುವುದು.

ಸ್ಟಾಟ್ ಎಂಬುದು ಆಂಗ್ಲಭಾಷೆಯ ನಾಲ್ಕು ಮಾತುಗಳ ಮೊದಲಕ್ಷರಗಳಿಂದಾದ ಹೆಸರು. ‘ಸಂಜ್ಞೆಯನ್ನು ಸಾಗಿಸುವುದೂ ಪ್ರತಿಲೇಖನವನ್ನು ಪ್ರವರ್ತಿಸುವುದೂ ಆದುದು’ ಎಂಬುದು ಅದರ ಅರ್ಥ. ಈ ಎರಡು ಧರ್ಮಗಳೂ ಒಂದೇ ವಸ್ತುವಿನಲ್ಲಿರುವುದು ವಿಶೇಷ. ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದೆ: ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ. ಕಾರ್ಯವನ್ನು ಪೂರ್ಣವಾಗಿ ವಹಿಸಲ್ಪಟ್ಟವನು ಮೊದಲನೆಯವನು. ಗೊತ್ತುಮಾಡಿದಷ್ಟನ್ನು ಮಾತ್ರ ನಡೆಸತಕ್ಕವನು ಎರಡನೆಯವನು. ಲೇಖವನ್ನು ಒಯ್ದು ಮುಟ್ಟಿಸುವವನು ಮೂರನೆಯವನು. ಈ ವಿಭಾಗವನ್ನು ಇಲ್ಲಿಗೆ ಅನ್ವಯಿಸಿ ನೋಡಿದರೆ ಸೈಟೊಕೈನು ಕೇವಲ ಶಾಸನಹರ. ಬಾಗಿಲಿನಲ್ಲಿ ಓಲೆಯನ್ನು ಕೊಟ್ಟರೆ ಅದರ ಕಾರ್ಯವು ಮುಗಿಯಿತು. ಜಾಕ್ ಪರಿಮಿತಾರ್ಥ, ಮುದ್ರೆಯೊತ್ತುವುದರಿಂದ ಆಚೆಗೆ ಅದಕ್ಕೆ ಅಧಿಕಾರವಿಲ್ಲ. ಸ್ಟಾಟ್ ನಿಸೃಷ್ಟಾರ್ಥನು; ಓಲೆಯನ್ನು ಒಳಗೆ ಒಯ್ಯುವವನೂ ಅವನೇ, ಸಭೆಯಲ್ಲಿ ಕುಳಿತು ಕಾರ್ಯವನ್ನು ನಡೆಯಿಸುವವನೂ ಅವನೇ. ಈ ಹೋಲಿಕೆಯಿಂದ ಒಂದು ಫಲವುಂಟು. ಶಾಸನಹರನು ಸತ್ತರೆ ಮತ್ತೊಬ್ಬನನ್ನು ಕಳುಹಿಸಬಹುದು. ನಿಸೃಷ್ಟಾರ್ಥನು ದಾರಿಯಲ್ಲಿ ಸಿಕ್ಕಿಬಿದ್ದರೆ ಎಷ್ಟು ಓಲೆಗಳು ಬಾಗಿಲಿಗೆ ಬಂದರೂ ಪ್ರಯೋಜನವಿಲ್ಲ.

೫. ಅನೇಕ ಸಂದೇಶಗಳು, ಕೆಲವೇ ದೂತರು, ದೂತನ ನಿವೃತ್ತಿ

ಮನುಷ್ಯರಲ್ಲಿ ಸ್ಟಾಟ್‌ಗಳು ಏಳು. ಈ ಮಾರ್ಗವನ್ನು ಬಳಸುವ ಸೈಟೊಕೈನುಗಳಾದರೋ ಐವತ್ತಕ್ಕೂ ಮೇಲ್ಪಟ್ಟಿರುವುವು. ನಾಲ್ಕು ಜಾಕ್‌ಗಳನ್ನೂ ಏಳು ಸ್ಟಾಟ್‌ಗಳನ್ನೂ ಬೇರೆ ಬೇರೆ ರೀತಿಯಲ್ಲಿ ಜೋಡಿಸುವುದರಿಂದಲೇ ಇಷ್ಟು ಸಂದೇಶಗಳಿಗೂ ಭಿನ್ನವಾದ ಅರ್ಥವು ಸಿದ್ಧಿಸುವುದು. ಧಾತುಗಳು ಮಿತವಾಗಿದ್ದರೂ ಉಪಸರ್ಗ ಪ್ರತ್ಯಯಗಳ ಯೋಗದಿಂದ ಶಬ್ದಗಳು ಅಮಿತವಾಗುವಂತೆ ಇದನ್ನು ಭಾವಿಸಬಹುದು.

ಉದಾಹರಣೆಗೆ, ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು ಗಾಮ ಇಂಟರ್‌ಫೆರಾನನ್ನು ಹೊರಬಿಟ್ಟಾಗ, ರೋಗಾಣುಗಳನ್ನು ನುಂಗುವ ಭಕ್ಷಕಕಣಗಳಲ್ಲಿ ಜಾಕ್ ೧, ಜಾಕ್ ೨ ಇವು ಎರಡು ಸ್ಟಾಟ್ ೧ಗಳನ್ನು ಜೋಡಿಸಿ ಕಳುಹಿಸುವುವು. ಆಗ ಆ ಕಣಗಳಿಗೆ ನುಂಗಿದುದನ್ನು ಜೀರ್ಣಿಸುವ ಬಲವು ಹೆಚ್ಚುವುದು. ಇಂಟರ್‌ಲ್ಯೂಕಿನ್ ೬ರ ಸಂದೇಶವು ಸ್ಟಾಟ್ ೩ರ ಮೂಲಕ ಹೋಗುವುದು. ಜ್ವರ ಬಂದಾಗ ಯಕೃತ್ತಿನಲ್ಲಿ ನಡೆಯುವ ಮಾರ್ಪಾಡುಗಳಲ್ಲಿ ಇದು ಪ್ರಧಾನವಾದುದು. ಇಂಟರ್‌ಲ್ಯೂಕಿನ್ ೨ರ ಸಂದೇಶವು ಜಾಕ್ ೧, ಜಾಕ್ ೩ ಇವುಗಳಿಂದ ಸ್ಟಾಟ್ ೫ಕ್ಕೆ ಹೋಗಿ ಟಿ-ಕಣಗಳ ಸಂಖ್ಯೆಯನ್ನು ಬೆಳೆಸುವುದು. ಹುಟ್ಟಿನಿಂದಲೇ ಜಾಕ್ ೩ ಕೆಟ್ಟಿರುವ ಶಿಶುಗಳಿಗೆ ಸಾಮಾನ್ಯವಾದ ಸೋಂಕುಗಳೂ ಪ್ರಾಣಾಂತಿಕವಾಗುವುವೆಂದು ೧೯೯೫ರಲ್ಲಿ ತಿಳಿದುಬಂದಿತು. ಆ ಶಿಶುಗಳಲ್ಲಿ ಸಂದೇಶವಸ್ತುವಿನ ಕೊರತೆಯಿಲ್ಲ. ಬಾಗಿಲಿನವನು ಇಲ್ಲದೆ ಸಂದೇಶವು ಒಳಗೆ ಹೋಗದು.

ದೂತನು ಹೋಗುವುದು ಎಷ್ಟು ಮುಖ್ಯವೋ ಹಿಂದಿರುಗುವುದೂ ಅಷ್ಟೇ ಮುಖ್ಯ. ಕೋಶಕೇಂದ್ರದಲ್ಲಿ ಸ್ಟಾಟಿನ ಮುದ್ರೆಯನ್ನು ಅಳಿಸುವ ಪ್ರೋಟೀನುಗಳುಂಟು. ಮುದ್ರೆ ಅಳಿದ ಸ್ಟಾಟ್ ಡಿಎನ್‌ಎಯನ್ನು ಬಿಟ್ಟು ಮತ್ತೆ ರಸಕ್ಕೆ ಬರುವುದು. ಸಂದೇಶವು ಇನ್ನೂ ಬಾಗಿಲಿನಲ್ಲಿದ್ದರೆ ಪುನಃ ಮುದ್ರಿತವಾಗಿ ಹೋಗುವುದು. ಸ್ಟಾಟಿನಿಂದ ಎಚ್ಚರಗೊಂಡ ಜೀನುಗಳಲ್ಲಿಯೇ ಸಾಕ್ಸ್ ಎಂಬ ಪ್ರೋಟೀನನ್ನು ಮಾಡುವುವು ಸೇರಿವೆ. ಅದು ಬಾಗಿಲಿಗೆ ಹೋಗಿ ಜಾಕನ್ನು ತಣಿಸುವುದು. ಹೀಗೆ ಆಜ್ಞೆಯೇ ತನ್ನ ಕೊನೆಯನ್ನೂ ತನ್ನೊಳಗೆ ಇಟ್ಟುಕೊಂಡಿರುವುದು. ಈ ನಿವೃತ್ತಿಯು ಕೆಟ್ಟು ಸಂದೇಶವು ನಿಲ್ಲದೆ ನಡೆಯುತ್ತಿದ್ದರೆ ಅದೂ ರೋಗವೇ. ಜಾಕ್ ೨ರಲ್ಲಿ ಒಂದೇ ಒಂದು ಘಟಕವು ಬದಲಾದುದರಿಂದ ರಕ್ತಕಣಗಳು ಮಿತಿಮೀರಿ ಬೆಳೆಯುವುದೆಂದು ೨೦೦೫ರಲ್ಲಿ ಗೊತ್ತಾಯಿತು. ೨೦೧೧ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರುಕ್ಸೊಲಿಟಿನಿಬ್, ೨೦೧೨ರಲ್ಲಿ ಕೀಲುವಾತಕ್ಕಾಗಿ ಅನುಮತಿ ಪಡೆದ ಟೋಫಾಸಿಟಿನಿಬ್ ಎಂಬ ಔಷಧಗಳು ಜಾಕ್‌ಗಳ ಕೈಯನ್ನು ಹಿಡಿಯತಕ್ಕವು.

೬. ಮಾರ್ಗಭಂಗ

ವೈರಾಣುಗಳಿಗೆ ಈ ಮಾರ್ಗವು ಪ್ರಾಣಸಂಕಟವಾದುದರಿಂದ ಅವು ಇದನ್ನು ಮುರಿಯಲು ನಾನಾ ಉಪಾಯಗಳನ್ನು ಪಡೆದಿರುವುವು. ಮುರಿಯತಕ್ಕ ಸ್ಥಳಗಳು ಮುಖ್ಯವಾಗಿ ಮೂರು: ಹೊರಬಾಗಿಲು, ದೂತ, ಒಳದ್ವಾರ. ಎಬೋಲ ವೈರಾಣುವಿನ ಒಂದು ಪ್ರೋಟೀನು ಸ್ಟಾಟನ್ನು ಸಾಗಿಸುವ ಇಂಪಾರ್ಟಿನನ್ನೇ ಹಿಡಿದುಕೊಂಡು ಒಳದ್ವಾರದಲ್ಲಿ ತಡೆಯುವುದು. ಡೆಂಗಿ ವೈರಾಣುವಿನ ಎನ್‌ಎಸ್ ೫ ಎಂಬ ಪ್ರೋಟೀನು ಸ್ಟಾಟ್ ೨ನ್ನು ಹಿಡಿದು ನಾಶಕ್ಕೆ ಗುರಿಮಾಡುವುದು, ಇದು ದೂತವಧೆ. ಇಲಿಗಳ ಸ್ಟಾಟ್ ೨ ಸ್ವಲ್ಪ ಭಿನ್ನವಾದುದರಿಂದ ಡೆಂಗಿಯ ಈ ಉಪಾಯವು ಅವುಗಳಲ್ಲಿ ಸಾಗುವುದಿಲ್ಲ. ಉಣ್ಣಿಗಳಿಂದ ಹರಡುವ ಲಂಗಾಟ್ ಎಂಬ ವೈರಾಣುವು ಕ್ಯಾಸನೂರಿನ ವೈರಾಣುವಿಗೆ ಹತ್ತಿರದ ಬಂಧು. ಅದರ ಎನ್‌ಎಸ್ ೫ ಜಾಕ್–ಸ್ಟಾಟ್ ಮಾರ್ಗವನ್ನು ಕೆಡಿಸುವುದೆಂದು ೨೦೦೫ರಲ್ಲಿಯೂ, ಇಂಟರ್‌ಫೆರಾನಿನ ಗ್ರಾಹಕವು ಪಕ್ವವಾಗಿ ಪೊರೆಗೆ ಬರುವುದನ್ನೇ ಅದು ತಡೆಯುವುದೆಂದು ೨೦೧೫ರಲ್ಲಿಯೂ ಪ್ರಕಟವಾಯಿತು. ಬಾಗಿಲೇ ಇಲ್ಲದಂತಾದ ಮೇಲೆ ಓಲೆಯನ್ನು ಪಡೆಯುವವರಾರು?

ಕ್ಯಾಸನೂರಿನ ವೈರಾಣುವು ಡೆಂಗಿ, ಹಳದಿ ಜ್ವರಗಳ ಕುಲಕ್ಕೇ ಸೇರಿದುದು. ಅದರ ಸರ್ವಸ್ವವೂ ಸುಮಾರು ೧೧ ಸಾವಿರ ಅಕ್ಷರಗಳುಳ್ಳ ಒಂದೇ ಆರ್‌ಎನ್‌ಎ ನೂಲಿನಲ್ಲಿ ಅಡಗಿದೆ. ಅದರಿಂದ ಹುಟ್ಟುವ ಪ್ರೋಟೀನುಗಳು ಹತ್ತು. ಮೂರು ವೈರಾಣುವಿನ ಒಡಲನ್ನು ಕಟ್ಟತಕ್ಕವು, ಏಳು ಕೋಶದೊಳಗೆ ಅದರ ಕೆಲಸವನ್ನು ನಡೆಸತಕ್ಕವು. ಆ ಏಳರಲ್ಲಿ ಎನ್‌ಎಸ್ ೫ ದೊಡ್ಡದು. ವೈರಾಣುವಿನ ನೂಲನ್ನು ಪ್ರತಿಮಾಡುವ ಲಿಪಿಕಾರನು ಇದೇ. ಕೆನಡ ದೇಶದ ವಿನಿಪೆಗ್ ನಗರದ ಸಂಶೋಧಕರು ಈ ವೈರಾಣುವಿನ ನೂಲನ್ನು ಪ್ರಯೋಗಶಾಲೆಯಲ್ಲಿ ಮರುರಚಿಸಿ, ಅದರ ಪ್ರೋಟೀನುಗಳನ್ನು ಪರೀಕ್ಷಿಸಿ, ೨೦೧೨ರಲ್ಲಿ ಫಲವನ್ನು ಪ್ರಕಟಿಸಿದರು. ಇಂಟರ್‌ಫೆರಾನಿನ ಸಂದೇಶವನ್ನು ಕೆಡಿಸುವುದರಲ್ಲಿ ಪ್ರಧಾನವಾದುದು ಇಲ್ಲಿಯೂ ಎನ್‌ಎಸ್ ೫ ಎಂದು ತೋರಿಬಂದಿತು. ಲಿಪಿಕಾರನೇ ಎದುರಾಳಿಯ ದೂತಕಾರ್ಯವನ್ನೂ ಕೆಡಿಸುವನು. ೧೯೫೭ರ ಎರಡು ಸಂಗತಿಗಳು ೫೫ ವರ್ಷಗಳ ಮೇಲೆ ಹೀಗೆ ಒಂದು ಕಡೆ ಸಂಧಿಸಿದುವು.

ಅದೇ ಪರೀಕ್ಷೆಯಲ್ಲಿ ಮತ್ತೊಂದು ಸಂಗತಿಯೂ ಹೊರಪಟ್ಟಿತು. ಬೇರೆ ರೋಗಗಳಲ್ಲಿ ಔಷಧವಾಗಿ ಬಳಸುತ್ತಿದ್ದ ಒಂದು ಬಗೆಯ ಆಲ್ಫ ಇಂಟರ್‌ಫೆರಾನನ್ನು, ಕೋಶಗಳಿಗೆ ವೈರಾಣು ತಗಲಿದ ಮೇಲೆ ಹಾಕಿದಾಗ, ವೈರಾಣುವಿನ ಬೆಳವಣಿಗೆಯು ಕುಗ್ಗಲಿಲ್ಲ. ಇಂಟರ್‌ಫೆರಾನುಗಳ ಪರಿಣಾಮವು ಈ ವೈರಾಣುವಿನ ಮೇಲೆ ಅಲ್ಪವೆಂದು ೨೦೧೬ರ ಪರೀಕ್ಷೆಯೂ ತಿಳಿಸಿತು. ಇವು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ನಡೆದ ಪರೀಕ್ಷೆಗಳೇ ಹೊರತು ರೋಗಿಗಳ ಮೇಲೆ ನಡೆದುವಲ್ಲ. ಆದರೂ ಕಾರಣವು ಮೇಲಣ ವಿವರಣೆಯಿಂದ ಸುಲಭವಾಗಿ ಊಹ್ಯವಾಗುವುದು. ಓಲೆಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಒಳದಾರಿಯು ಸರಿಹೋಗುವುದಿಲ್ಲ.

೭. ಫಲಿತಾರ್ಥ

ಇದರಿಂದ ಮಲೆನಾಡಿನ ಜನರಿಗೆ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನವು ಎರಡು.

ಮೊದಲನೆಯದು ಲಸಿಕೆಯ ವಿಷಯ. ಕ್ಯಾಸನೂರು ಕಾಡಿನ ಕಾಯಿಲೆಗೆ ಹಲವು ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯು, ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿದ ವೈರಾಣುವಿನಿಂದ ಆದುದು. ನಿರ್ಜೀವವಾದ ವೈರಾಣುವು ಶರೀರದಲ್ಲಿ ವೃದ್ಧಿಹೊಂದಲಾರದು. ಆದುದರಿಂದ ಅದು ಎನ್‌ಎಸ್ ೫ನ್ನು ಹುಟ್ಟಿಸಲಾರದು. ಆದುದರಿಂದ ದೂತಮಾರ್ಗವನ್ನು ಮುರಿಯಲಾರದು. ರಕ್ಷಕಕಣಗಳು ನಿರಾತಂಕವಾಗಿ ಸಂದೇಶಗಳನ್ನು ಕಳುಹಿಸಿ, ಪಡೆದು, ಶತ್ರುವಿನ ಆಕಾರವನ್ನು ಕಲಿತುಕೊಳ್ಳುವುವು. ಮುಂದೆ ನಿಜವಾದ ವೈರಾಣು ಬಂದಾಗ ಅದು ಕೋಶವನ್ನು ಹೊಗುವ ಮೊದಲೇ ರಕ್ತದಲ್ಲಿರುವ ಪ್ರತಿಕಾಯಗಳು ಅದನ್ನು ಹಿಡಿಯುವುವು. ೧೯೯೦ರಿಂದ ೧೯೯೨ರವರೆಗಿನ ಪರೀಕ್ಷೆಯಲ್ಲಿ ಒಂದು ಸಲ ಲಸಿಕೆ ಹಾಕಿಸಿಕೊಂಡವರಿಗೆ ನೂರಕ್ಕೆ ಸುಮಾರು ೭೯ರಷ್ಟೂ, ಎರಡು ಸಲ ಹಾಕಿಸಿಕೊಂಡವರಿಗೆ ಸುಮಾರು ೯೩ರಷ್ಟೂ ರಕ್ಷಣೆ ದೊರೆತಿತ್ತು. ೨೦೦೫ರಿಂದ ೨೦೧೦ರವರೆಗಿನ ಲೆಕ್ಕದಲ್ಲಿ ಎರಡು ಸಲ ಹಾಕಿಸಿಕೊಂಡವರ ರಕ್ಷಣೆಯು ಸುಮಾರು ೬೨ಕ್ಕೆ ಇಳಿದಿದ್ದಿತು. ಮೂರನೆಯ ಸಲವೂ ಹಾಕಿಸಿಕೊಂಡವರಲ್ಲಿ ಸುಮಾರು ೮೩ ಇದ್ದಿತು. ಬಲವು ಕುಗ್ಗಿತೆಂದು ೨೦೨೨ರ ಸುಮಾರಿಗೆ ಆ ಲಸಿಕೆಯ ಬಳಕೆಯು ನಿಂತಿತು. ಲಸಿಕೆಯು ದುರ್ಬಲವಾದುದು ನಿಜ. ಆದರೆ ದೂತಮಾರ್ಗವು ಕೆಡುವ ಮೊದಲೇ ದೇಹಕ್ಕೆ ಪಾಠ ಹೇಳಬೇಕೆಂಬ ಅದರ ಮೂಲತತ್ತ್ವವು ದುರ್ಬಲವಾದುದಲ್ಲ.

ಎರಡನೆಯದು ಎಚ್ಚರಿಕೆಯ ವಿಷಯ. ಈ ರೋಗದ ವೈರಾಣುವನ್ನೇ ಕೊಲ್ಲುವ ಸಿದ್ಧವಾದ ಔಷಧವಿಲ್ಲ. ವೈದ್ಯರು ಜ್ವರವನ್ನು ಇಳಿಸಿ, ನೀರಿನ ಅಂಶವು ಕುಂದದಂತೆ ನೋಡಿಕೊಂಡು, ರಕ್ತಸ್ರಾವವನ್ನು ಕಾಯುತ್ತ, ದೇಹವು ತಾನೇ ಗೆಲ್ಲುವವರೆಗೆ ಅದನ್ನು ಕಾಪಾಡುವರು. ವೈರಾಣುವು ಕೋಶದೊಳಗೆ ನೆಲೆಸಿ ಒಳದಾರಿಯನ್ನು ಹಿಡಿದ ಮೇಲೆ ಹೊರಗಿನಿಂದ ಮಾಡುವ ಸಹಾಯವು ಕಷ್ಟಸಾಧ್ಯ. ಆದುದರಿಂದ ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು, ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿಕೊಂಡು ಕೈಕಾಲುಗಳಿಗೆ ಡೆಪಾ ತೈಲವನ್ನು ಹಚ್ಚಿಕೊಳ್ಳುವುದು, ಹಿಂದಿರುಗಿದ ಮೇಲೆ ಬಿಸಿನೀರಿನಲ್ಲಿ ಮಿಂದು ಮೈಯಲ್ಲಿ ಉಣ್ಣಿಯಿದೆಯೇ ಎಂದು ನೋಡಿಕೊಳ್ಳುವುದು, ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸುವುದು ಇವನ್ನು ಹಳ್ಳಿಯ ಅಂಜುಬುರುಕುತನವೆಂದು ಎಣಿಸತಕ್ಕುದಲ್ಲ. ಕಣ್ಣಿಗೆ ಕಾಣದ ದೂತನೊಬ್ಬನು ತನ್ನ ದಾರಿಯಲ್ಲಿ ಸಿಕ್ಕಿಬೀಳದಂತೆ ನೋಡಿಕೊಳ್ಳಲು ಮನುಷ್ಯನ ಕೈಯಲ್ಲಿರುವ ಉಪಾಯಗಳು ಇವೇ ಆಗಿವೆ.